‘ಹೋಲಿ’ಗೆ ಕನ್ನಡವೇನು? ಒಂದು ಗುಣವಾಚಕದ ಅರ್ಥಚ್ಛಾಯೆಗಳು ಮತ್ತು ಐದು ತಾಲ್ಲೂಕುಗಳ ಕಿವಿ

ಆಂಗ್ಲ ಭಾಷೆಯ ‘ಹೋಲಿ’ ಎಂಬ ಗುಣವಾಚಕಕ್ಕೆ ಕನ್ನಡದಲ್ಲಿ ಎಷ್ಟು ಪರ್ಯಾಯ ಪದಗಳಿವೆ ಎಂದು ಪ್ರಥಮ ವರ್ಷದ ದೈವಶಾಸ್ತ್ರ ತರಗತಿಯಲ್ಲಿ ನಾವು ಕೇಳುವುದುಂಟು. ಕರಿಹಲಗೆ ಬೇಗನೆ ತುಂಬುತ್ತದೆ: ಪವಿತ್ರ, ಪರಿಶುದ್ಧ, ಪಾವನ, ಪುಣ್ಯ, ಪೂಜ್ಯ, ದಿವ್ಯ, ಸಂತ. ಇವುಗಳ ನಡುವಣ ಭೇದವೇನು ಎಂದು ಮುಂದಿನ ಪ್ರಶ್ನೆ ಹಾಕಿದರೆ ತರಗತಿ ಮೌನವಾಗುತ್ತದೆ. ಕಡೆಗೆ ಯಾರಾದರೊಬ್ಬರು, ‘ಎಲ್ಲವೂ ಒಂದೇ ಅಲ್ಲವೇ ಫಾದರ್?’ ಎನ್ನುತ್ತಾರೆ. ಆಂಗ್ಲ-ಕನ್ನಡ ನಿಘಂಟುಗಳು ಕಲಿಸಿರುವ ಪಾಠವೂ ಇದೇ. ಅಲ್ಪವಿರಾಮಗಳ ನಡುವೆ ಪದಗಳನ್ನು ಸಾಲಾಗಿ ನಿಲ್ಲಿಸಿ, ಬೇಕಾದುದನ್ನು ಆರಿಸಿಕೊಳ್ಳಿ ಎಂದು ಅವು ಕೈಬಿಡುತ್ತವೆ.

ಎಲ್ಲವೂ ಒಂದೇ ಅಲ್ಲ ಎಂಬುದು ಈ ಲೇಖನದ ವಾದ. ಈ ವಾದ ನಮಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಗುರುದೀಕ್ಷೆಯ ನಂತರದ ಮೊದಲ ವರ್ಷಗಳನ್ನು ನಾವು ಕಳೆದದ್ದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ, 2021ರ ತನಕ ಬಳ್ಳಾರಿ ಜಿಲ್ಲೆಯೆಂದೇ ಜನ ಕರೆಯುತ್ತಿದ್ದ ಈ ಸೀಮೆಯಲ್ಲಿ ಬಲಿಪೂಜೆಯ ಕನ್ನಡವನ್ನು ಉಚ್ಚರಿಸಿದಾಗ ಅದು ಕೇಳುವವರ ಕಿವಿಯಲ್ಲಿ ಏನಾಗುತ್ತದೆ ಎಂಬುದನ್ನು ನಾವು ತಡವಾಗಿ ಕಲಿತೆವು.

ಮೊದಲು ಆಂಗ್ಲ ಪದದ ಮಾತು. ‘ಹೋಲಿ’ ಎಂಬುದು ಹಳೆಯ ಆಂಗ್ಲದ ‘ಹಾಲಿಗ್’ನಿಂದ ಬಂದದ್ದು, ‘ಇಡಿಯಾದ’ ಎಂಬರ್ಥದ ‘ಹೋಲ್’, ಆರೋಗ್ಯವೆಂಬ ಅರ್ಥದ ‘ಹೆಲ್ತ್’ ಅದರ ನೆಂಟರು. ಅದರ ಸಮಾನಾರ್ಥಕವೆಂದು ಶಾಲೆಯಲ್ಲಿ ಕಲಿಸುವ ‘ಸೇಕ್ರೆಡ್’ ಲ್ಯಾಟಿನ್ ಮೂಲದ್ದು. ಅದರ ಹಿಂದಿರುವ ‘ಸಾಕೆರ್’ ಎಂಬ ಪದಕ್ಕೆ ದೇವರಿಗೆ ಸಲ್ಲಿಸಿದ್ದು ಎಂಬ ಅರ್ಥದ ಜೊತೆಗೇ ಶಾಪಗ್ರಸ್ತವಾದದ್ದು ಎಂಬ ಅರ್ಥವೂ ಇದೆ. ‘ಸೇಂಟ್’ ಎಂಬುದು ‘ಸಾಂಕ್ತುಸ್’ನಿಂದ, ಅಂದರೆ ಕಟ್ಟಳೆಯಿಂದ ಭದ್ರಪಡಿಸಿದ್ದು ಎಂಬ ಕಲ್ಪನೆಯಿಂದ ಬಂದದ್ದು. ಹೀಗೆ ಇಡಿತನ, ಬೇರ್ಪಡಿಕೆ, ಕಟ್ಟಳೆ ಎಂಬ ಮೂರು ಬೇರೆ ಬೇರೆ ಚಿತ್ರಗಳು ಒಂದೇ ಸಾಲಿನಲ್ಲಿ ನಿಂತಿವೆ. ಯಾವುದರ ಮೂಲದಲ್ಲಿಯೂ ತೊಳೆಯುವ ಚಿತ್ರವಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಕನ್ನಡದ ಪಟ್ಟಿಗೆ ಬಂದರೆ ಚಿತ್ರ ಬದಲಾಗುತ್ತದೆ. ಪವಿತ್ರ, ಪಾವನ ಎರಡೂ ಸಂಸ್ಕೃತದ ‘ಪೂ’ ಧಾತುವಿನವು. ಸೋಸು, ಶುಚಿಗೊಳಿಸು ಎಂದು ಅದರರ್ಥ. ಪರಿಶುದ್ಧ ಎಂಬುದು ‘ಶುಧ್’ ಧಾತುವಿನದು, ಅದೂ ತೊಳೆಯುವುದೇ. ಪುಣ್ಯವೆಂದರೆ ಗಳಿಕೆ, ಪೂಜ್ಯವೆಂದರೆ ನಾವು ತೋರುವ ಗೌರವ. ಹಳೆಯ ತಲೆಮಾರಿನ ಕಥೋಲಿಕರ ಬಾಯಲ್ಲಿ ತಮಿಳಿನಿಂದ ಬಂದ ‘ತಿರು’ ಇನ್ನೂ ಉಳಿದಿದೆ. ತಿರುಸಭೆ, ತಿರುಹೃದಯ ಎಂದು ಅವರು ಹೇಳುವಾಗ ಕೇಳಿಸುವುದು ‘ಶ್ರೀ’ಕಾರದ ಮಂಗಳ ಮಾತ್ರ. ಅಂದರೆ ನಾವು ‘ಹೋಲಿ’ಗೆ ಎದುರಾಗಿ ನಿಲ್ಲಿಸಿರುವ ಎರಡು ಮುಖ್ಯ ಪದಗಳೂ ಶುಚಿತ್ವದ ಮನೆತನದವು.

ಈ ಆಯ್ಕೆಯ ಚರಿತ್ರೆ ನಮ್ಮ ಸೀಮೆಗೇ ಸೇರಿದ್ದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅಲ್ಲಿ ಆರಂಭವಾದ ಭಾಷಾಂತರ ಕಾರ್ಯದ ಫಲವಾಗಿ 1830ರ ದಶಕದ ಆರಂಭಕ್ಕೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಆಂಗ್ಲ-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಆಂಗ್ಲ ನಿಘಂಟನ್ನೂ ಹೊರತಂದರು. 1894ರಲ್ಲಿ ಮಂಗಳೂರಿನಿಂದ ಬಂದ ಕಿಟೆಲರ ನಿಘಂಟು ನಮ್ಮ ಮೇಜಿನ ಮೇಲೆ ಇಂದಿಗೂ ಇದೆ. ಈ ಮಹನೀಯರ ಶ್ರಮದ ಮುಂದೆ ನಮ್ಮ ಟೀಕೆ ಅಲ್ಪವಾದದ್ದು. ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇವೆ. ಆದರೆ ಪಂಡಿತರ ನೆರವಿನಿಂದ ನಡೆದ ಆ ಕಾರ್ಯದಲ್ಲಿ ಗ್ರಾಂಥಿಕ ಪದಗಳಿಗೆ ಸಿಕ್ಕ ಮಣೆ ಊರಿನ ಪದಗಳಿಗೆ ಸಿಗಲಿಲ್ಲ. ಅನಂತರ ಬಂದ ನಾವು, ಕಥೋಲಿಕರೂ ಸೇರಿ, ಆ ಮಣೆಯನ್ನು ಕದಲಿಸಲಿಲ್ಲ.

ಪ್ರೊಟೆಸ್ಟೆಂಟ್ ಪರಂಪರೆಯ ಸತ್ಯವೇದವನ್ನು ಈ ದೃಷ್ಟಿಯಿಂದ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಗ್ರೀಕಿನ ‘ಹಾಗಿಯೋಸ್’ ಎಂಬ ಒಂದೇ ಪದದ ಕುಟುಂಬ ಅಲ್ಲಿ ನಾಲ್ಕು ಮನೆಗಳಲ್ಲಿ ಹಂಚಿಹೋಗಿದೆ. ದೇವರು ಪರಿಶುದ್ಧನು, ಆತ್ಮನು ಪವಿತ್ರಾತ್ಮನು, ಪೌಲನ ಪತ್ರಗಳನ್ನು ಪಡೆದ ಸಾಮಾನ್ಯ ವಿಶ್ವಾಸಿಗಳು ದೇವಜನರು, ಯೊವಾನ್ನ 17ರಲ್ಲಿ ಯೇಸು ತಮ್ಮನ್ನೂ ಶಿಷ್ಯರನ್ನೂ ಕುರಿತು ಹೇಳುವ ಕ್ರಿಯಾಪದಕ್ಕೆ ಪ್ರತಿಷ್ಠೆ. ನಮ್ಮ ಪ್ರಾರ್ಥನೆಗಳಲ್ಲಿ ಇನ್ನೆರಡು ಮನೆಗಳು ಸೇರುತ್ತವೆ: ಸ್ವರ್ಗೀಯ ತಂದೆಯ ನಾಮಕ್ಕೆ ‘ಪೂಜಿತ’, ಬಲಿಪೀಠದ ಮೇಲಿನ ಸ್ವರೂಪಗಳಿಗೆ ‘ಸಂತ’. ಕೊರಿಂಥದ ಜಗಳಗಂಟ ವಿಶ್ವಾಸಿಗಳಿಗೂ ಸೆರಾಫಿಯರು ಹಾಡಿದ ದೇವರಿಗೂ ಒಂದೇ ವಿಶೇಷಣ ಸಲ್ಲುತ್ತದೆ ಎಂಬ ಬೆರಗು ಕನ್ನಡದ ಓದುಗನಿಗೆ ದೊರೆಯುವುದಿಲ್ಲ. ಪವಿತ್ರತೆಗೆ ಎಲ್ಲರಿಗೂ ಕರೆಯುಂಟು ಎಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ‘ಲೂಮೆನ್ ಜೆಂಸಿಯುಂ’ನ ಐದನೆಯ ಅಧ್ಯಾಯದಲ್ಲಿ ಸಾರಿದ್ದನ್ನು ಬೋಧಿಸುವಾಗ ನಮಗೆ ಆಗುವ ಕಷ್ಟದ ಅರ್ಧ ಭಾಗ ಈ ಹಂಚಿಕೆಯದು.

ಇವುಗಳಲ್ಲಿ ಶ್ರೇಷ್ಠವಾದದ್ದು ಯಾವುದೆಂದು ಕೇಳಿದರೆ ನಮ್ಮ ಉತ್ತರ ‘ದೇವಜನರು’. ಅದು ಶುಚಿಯ ಮಾತೆತ್ತದೆ, ಇವರು ಯಾರವರು ಎಂಬುದನ್ನಷ್ಟೇ ಹೇಳುತ್ತದೆ. ಅತ್ಯಂತ ಸೋತದ್ದು ‘ಪ್ರತಿಷ್ಠೆ’. ದೇವರ ಪ್ರತಿಷ್ಠಾಪನೆಯ ಅರ್ಥ ಅದರಲ್ಲಿದ್ದ ಕಾಲದಲ್ಲಿ ಆ ಪದ ಸೊಗಸಾಗಿದ್ದಿರಬೇಕು. ಇಂದು ಚುನಾವಣೆಯ ಸುದ್ದಿಯಲ್ಲಿ ‘ಪ್ರತಿಷ್ಠೆಯ ಕಣ’ ಎಂದು ಓದುವವನಿಗೆ ಯೇಸು ತಮ್ಮ ಪ್ರತಿಷ್ಠೆಗಾಗಿ ಪ್ರಾರ್ಥಿಸಿದರೆಂದೇ ತೋರುತ್ತದೆ.

ಈಗ ವಾದದ ತಿರುಳಿಗೆ ಬರೋಣ. ಯಾಜಕಕಾಂಡ 10:10ರಲ್ಲಿ ಆರೋನನ ಮಕ್ಕಳಿಗೆ ಎರಡು ವಿವೇಚನೆಗಳನ್ನು ವಹಿಸಲಾಗಿದೆ. ಒಂದು, ‘ಕೋದೆಷ್’ ಮತ್ತು ‘ಹೋಲ್’ ಇವುಗಳ ನಡುವೆ. ಇನ್ನೊಂದು, ಅಶುದ್ಧ ಮತ್ತು ಶುದ್ಧ ಇವುಗಳ ನಡುವೆ. ಎರಡು ಜೋಡಿಗಳು, ಎರಡು ಅಳತೆಗೋಲುಗಳು. ಮೊದಲನೆಯದರಲ್ಲಿ ‘ಕೋದೆಷ್’ನ ಎದುರುಪದ ಕೊಳಕು ಅಲ್ಲ, ಸಾಮಾನ್ಯವಾದದ್ದು, ದಿನಬಳಕೆಯದು. ದಿನಬಳಕೆಯ ಕೊಡ ಶುದ್ಧವಾಗಿಯೇ ಇರಬಹುದು, ಅದರಲ್ಲಿ ಯಾವ ದೋಷವೂ ಇಲ್ಲ. ದೇವರದಾದ ಕೊಡ ಬೇರೆಯಾಗುವುದು ಹೆಚ್ಚು ಉಜ್ಜಿದ್ದರಿಂದಲ್ಲ, ದೇವರಿಗೆ ಸಂದದ್ದರಿಂದ.

‘ಪರಿಶುದ್ಧ’ ಎಂಬ ಪದ ಈ ಎರಡು ಅಳತೆಗೋಲುಗಳನ್ನು ಒಂದು ಏಣಿಯಾಗಿಸಿಬಿಡುತ್ತದೆ. ಕೆಳಗೆ ಅಶುದ್ಧ, ನಡುವೆ ಶುದ್ಧ, ‘ಪರಿ’ ಎಂಬ ಉಪಸರ್ಗ ಹಚ್ಚಿದರೆ ತುದಿಯಲ್ಲಿ ಪರಿಶುದ್ಧ. ದೇವರು ಆ ತುದಿಯಲ್ಲಿ ನಿಂತವನು. ಅಂದರೆ ಬಹಳ ಬಹಳ ಶುಚಿಯಾದವನು. ಇದು ನಮ್ಮ ಊಹೆಯೆಂದು ಯಾರೂ ತಿಳಿಯಬಾರದು. ಕೊಟ್ಟೂರಿನ ಕಡೆಯ ಒಂದು ಹಳ್ಳಿಯಲ್ಲಿ ಧರ್ಮೋಪದೇಶದ ಮಕ್ಕಳಿಗೆ ‘ದೇವರು ಪರಿಶುದ್ಧ ಎಂದರೇನು?’ ಎಂದು ಕೇಳಿದ್ದೆವು. ‘ಫಿಲ್ಟರ್ ನೀರಿನ ಹಂಗ’ ಎಂದು ಒಬ್ಬ ಹುಡುಗ ಹೇಳಿದ. ನಾವು ನಕ್ಕೆವು. ಆದರೆ ಆ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಊರಿನ ನಡುವೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಫಲಕ. ಪೇಟೆಗೆ ಹೋದರೆ ‘ಶುದ್ಧ ಶೇಂಗಾ ಎಣ್ಣೆ’, ‘ಪರಿಶುದ್ಧ ತುಪ್ಪ’. ಹುಡುಗ ತಾನು ಓದಬಲ್ಲ ಕನ್ನಡದಿಂದಲೇ ಉತ್ತರ ಕೊಟ್ಟಿದ್ದ. ತಪ್ಪು ಅವನದಲ್ಲ.

ಈ ನಗೆಯ ಹಿಂದೆ ಒಂದು ನೋವಿದೆ. ಶುಚಿತ್ವದ ಏಣಿಯೆಂಬುದು ಈ ಊರುಗಳಲ್ಲಿ ಭಾಷೆಯ ಅಲಂಕಾರವಲ್ಲ. ಅದರ ಅಚ್ಚಗನ್ನಡ ಹೆಸರು ಮಡಿ, ಅದರ ಎದುರುಪದ ಮೈಲಿಗೆ. ಪ್ರತ್ಯೇಕ ಲೋಟದಲ್ಲಿ ಚಹಾ ಕುಡಿದ ನೆನಪಿರುವ ಹಿರಿಯರು ನಮ್ಮ ಪೂಜೆಗೆ ಬಂದು ಹಿಂದಿನ ಚಾಪೆಯಲ್ಲಿ ಕೂರುತ್ತಿದ್ದರು. ಮುಂದೆ ಬನ್ನಿ ಎಂದರೂ ಬರುತ್ತಿರಲಿಲ್ಲ. ಏಣಿಯ ಕೆಳಮೆಟ್ಟಿಲಲ್ಲಿ ತಲೆತಲಾಂತರದಿಂದ ನಿಲ್ಲಿಸಲ್ಪಟ್ಟವರಿಗೆ ನಾವು ಅದೇ ಏಣಿಯ ತುದಿಯಲ್ಲಿರುವ ದೇವರನ್ನು ತೋರಿಸಿ ‘ನೀವೂ ಪರಿಶುದ್ಧರಾಗಿರಿ’ ಎಂದೆವು. ಅವರು ಏನನ್ನು ಕೇಳಿಸಿಕೊಂಡಿರಬಹುದು?

ಸೋಜಿಗವೆಂದರೆ, ಈ ಏಣಿಯನ್ನು ಮುರಿಯುವ ಮಾತು ಈ ಮಣ್ಣಿಗೆ ಹೊಸದಲ್ಲ. ಗುರು ಬಸವೇಶ್ವರನ ತೇರು ಎಳೆಯುವ ಕೊಟ್ಟೂರು, ಪಂಚಪೀಠಗಳಲ್ಲೊಂದಾದ ಉಜ್ಜಿನಿ ಇರುವುದು ಇಲ್ಲಿಯೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗವಂತನಿಗಿಲ್ಲ ಎಂಬುದು ಶರಣ ಪರಂಪರೆಯ ಸಿದ್ಧಾಂತ. ಜನರ ಬಟ್ಟೆಯ ಕೊಳೆ ತೊಳೆಯುವ ಮಡಿವಾಳ ಮಾಚಯ್ಯ ಹನ್ನೆರಡನೆಯ ಶತಮಾನದಲ್ಲಿ ಶರಣರ ನಡುವೆ ಹಿರಿಯನೆನಿಸಿದ. ಆಚರಣೆಯಲ್ಲಿ ಜಾತಿ ಮರಳಿ ಬಂತು, ನಿಜ. ಆದರೆ ದೇವರ ಸಾಮೀಪ್ಯಕ್ಕೂ ಮೈಲಿಗೆಗೂ ಸಂಬಂಧವಿಲ್ಲ ಎಂದು ನೆರೆಯವರು ಸಿದ್ಧಾಂತವಾಗಿಯಾದರೂ ಹೇಳಿದ್ದ ನೆಲದಲ್ಲಿ ನಾವು ‘ಪರಿಶುದ್ಧ’ದ ಏಣಿಯನ್ನು ನಿಲ್ಲಿಸಿದೆವು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಬಟ್ಟೆ ಮುಟ್ಟಿದಾಗ (ಮಾರ್ಕ 5) ಮೈಲಿಗೆ ಯೇಸುವಿನತ್ತ ಹರಿಯಲಿಲ್ಲ. ಅವರಿಂದ ಶಕ್ತಿ ಆಕೆಯತ್ತ ಹರಿಯಿತು. ಆ ಘಟನೆಯನ್ನು ಬೋಧಿಸುವವನ ಕೈಗೆ ‘ಪರಿಶುದ್ಧ’ ಎಂಬ ಪದ ಏನನ್ನೂ ಕೊಡುವುದಿಲ್ಲ.

ಇದಕ್ಕೆ ಸಮಂಜಸವಾದ ಆಕ್ಷೇಪವೊಂದಿದೆ. ಯೆಶಾಯ 6ರಲ್ಲಿ ಪ್ರವಾದಿ ದೇವರ ಪವಿತ್ರತೆಯನ್ನು ಕಂಡಕೂಡಲೇ ನೆನೆಯುವುದು ತನ್ನ ಅಶುದ್ಧ ತುಟಿಗಳನ್ನು. ಕೆಂಡ ಮುಟ್ಟಿಸಿ ಅವನನ್ನು ಶುದ್ಧಗೊಳಿಸಲಾಗುತ್ತದೆ. ಶುದ್ಧಹೃದಯರು ಧನ್ಯರೆಂದು ಯೇಸುವೇ ಹೇಳಿದರು. ಆದ್ದರಿಂದ ಶುಚಿತ್ವವನ್ನು ಹೊರಗಿಡುವಂತಿಲ್ಲ. ಒಪ್ಪುತ್ತೇವೆ. ಎರಡು ಅಳತೆಗೋಲುಗಳು ಒಂದನ್ನೊಂದು ಸಂಧಿಸುತ್ತವೆ. ಸಂಧಿಸುವುದಕ್ಕೂ ಒಂದೇ ಆಗುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ನಮ್ಮ ಹಟ. ‘ಪವಿತ್ರ’ ಎಂಬ ಪದದ ಬಗ್ಗೆಯಂತೂ ನಮಗೆ ಹೆಚ್ಚಿನ ಕರುಣೆಯಿದೆ. ಮೂಲದಲ್ಲಿ ಅದು ಶುಚಿಯಾದ ವಸ್ತುವಲ್ಲ, ಶುಚಿಗೊಳಿಸುವ ಸಾಧನ: ಸೋಮರಸದ ಸೋಸುಬಟ್ಟೆ, ಕರ್ಮ ಮಾಡುವವನ ಬೆರಳಿನ ದರ್ಭೆಯ ಉಂಗುರ. ಹಾಗಾಗಿ ‘ಪವಿತ್ರಾತ್ಮ’ ಎಂದು ಹೆಸರಿಟ್ಟವರು ತಾವು ಅರಿತೋ ಅರಿಯದೆಯೋ ಸರಿಯಾದುದನ್ನೇ ಹೇಳಿದರು: ಆತ್ಮನು ತೊಳೆಯಲ್ಪಟ್ಟವನಲ್ಲ, ತೊಳೆಯುವವನು.

ಹಾಗಾದರೆ ‘ಕೋದೆಷ್’ನ ಬೇರ್ಪಡಿಕೆಯನ್ನು ಹೇಳಬಲ್ಲ ಪದ ಕನ್ನಡದಲ್ಲಿಲ್ಲವೇ? ಇದೆ, ಅದು ಕರಿಹಲಗೆಯ ಮೇಲೆ ಬರಲಿಲ್ಲ ಅಷ್ಟೇ. ಮೀಸಲು. ಹಬ್ಬದ ದಿನ ದೇವರಿಗೆಂದು ಯಾರೂ ಮುಟ್ಟದೆ ತರುವ ನೀರು ಮೀಸಲು ನೀರು. ಮನೆಮಂದಿ ರುಚಿ ನೋಡುವ ಮೊದಲೇ ತೆಗೆದಿಟ್ಟದ್ದು ಮೀಸಲು. ಹಡಗಲಿ ಮಲ್ಲಿಗೆಯ ಸೀಮೆಯಲ್ಲಿ ಇದನ್ನು ವಿವರಿಸಬೇಕಾಗಿಯೇ ಇಲ್ಲ: ದೇವರ ಹೂವನ್ನು ಮೂಸಿ ನೋಡುವುದಿಲ್ಲ. ಮೂಸಿದ ಹೂವು ಕೊಳೆಯಾಗುವುದಿಲ್ಲ, ಬಾಡುವುದೂ ಇಲ್ಲ. ಆದರೂ ಅದು ಇನ್ನು ಮೀಸಲಲ್ಲ. ಯಾಜಕಕಾಂಡದ ಎರಡು ಅಳತೆಗೋಲುಗಳ ಭೇದವನ್ನು ಹೂವಾಡಗಿತ್ತಿ ನಮಗಿಂತ ಚೆನ್ನಾಗಿ ಬಲ್ಲಳು. ಇದರ ತಂಗಿಯಂತಿರುವ ಇನ್ನೊಂದು ಪದ ಮುಡಿಪು: ಹರಕೆಯ ಹಣವನ್ನು ಬಟ್ಟೆಯಲ್ಲಿ ಕಟ್ಟಿ, ಕಷ್ಟ ಬಂದರೂ ಬಿಚ್ಚದೆ ಇಡುವುದು. ಮೈಲಾರದ ಕಾರಣಿಕಕ್ಕೆ ಮುನ್ನ ದಿನಗಟ್ಟಲೆ ಉಪವಾಸವಿದ್ದು, ಬಿಲ್ಲನ್ನೇರಿ ಒಂದೇ ಒಂದು ನುಡಿ ನುಡಿಯುವ ಗೊರವಯ್ಯನನ್ನು ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಅವನು ತಮ್ಮೆಲ್ಲರಿಗಿಂತ ಶುಚಿಯಾದವನೇ ಎಂದು ಯಾರೂ ವಿಚಾರಿಸುವುದಿಲ್ಲ. ಆ ನುಡಿಗೆ ಅವನು ಮೀಸಲು.

(‘ಮೀಸಲು’ ಎಂದೊಡನೆ ಇಂದಿನ ಕಿವಿಗೆ ಬೇರೊಂದು ಕೇಳಿಸುತ್ತದೆ ಎಂಬುದು ನಮಗೆ ತಿಳಿಯದ್ದಲ್ಲ. ಹಡಗಲಿ, ಹಗರಿಬೊಮ್ಮನಹಳ್ಳಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಇದನ್ನು ತೊಡಕೆಂದು ನಾವು ಭಾವಿಸುವುದಿಲ್ಲ. ಏಣಿಯ ಕೆಳಮೆಟ್ಟಿಲಿನವರ ಪಾಲನ್ನು ಬೇರೆಯವರು ಮುಟ್ಟಬಾರದು ಎಂಬ ಅರ್ಥ ಪದಕ್ಕೆ ಸೇರಿದ್ದರೆ, ಬೈಬಲಿನ ದೇವರ ವಿಷಯದಲ್ಲಿ ಅದು ಅಪಾರ್ಥವಾಗಲಾರದು.)

ಇಲ್ಲಿಗೆ ಲೇಖನ ಮುಗಿಸಬಹುದಾಗಿತ್ತು: ‘ಪರಿಶುದ್ಧ’ವನ್ನು ಕೈಬಿಡಿ, ‘ಮೀಸಲು’ ಹಿಡಿಯಿರಿ ಎಂದು. ಕೆಲವು ವರ್ಷಗಳ ಹಿಂದೆ ನಾವು ಹಾಗೆಯೇ ಬೋಧಿಸುತ್ತಿದ್ದೆವು. ನಮ್ಮನ್ನು ತಡೆದು ನಿಲ್ಲಿಸಿದ್ದು ಹೀಬ್ರೂ ಭಾಷೆಯ ಒಂದು ಪದ ಮತ್ತು ಹಡಗಲಿ ಕಡೆಯ ಹಳ್ಳಿಯೊಂದಕ್ಕೆ ಹೋಗಿ ಬಂದ ಧರ್ಮಭಗಿನಿಯೊಬ್ಬರ ಪ್ರಶ್ನೆ.

ಹೀಬ್ರೂ ಪದ ‘ಕೆದೇಶಾ’. ‘ಕಾದೋಶ್’ ಹುಟ್ಟಿದ ಧಾತುವಿನಲ್ಲೇ ಇದೂ ಹುಟ್ಟಿದೆ. ಬೇರ್ಪಡಿಸಲ್ಪಟ್ಟವಳು, ಮೀಸಲಾದವಳು ಎಂದು ಇದರ ಅಕ್ಷರಾರ್ಥ. ಆದಿಕಾಂಡ 38ರಲ್ಲಿ ಯೂದನು ಮುಸುಕಿನ ತಾಮಾರಳನ್ನು ಕಂಡು ವೇಶ್ಯೆಯೆಂದು ತಿಳಿದ ಎನ್ನುವಾಗ ಬರುವುದು ‘ಜೋನಾ’ ಎಂಬ ನೇರ ಪದ. ಅವನ ಸ್ನೇಹಿತ ಊರವರ ಮುಂದೆ ಆಕೆಯನ್ನು ವಿಚಾರಿಸುವಾಗ ಬಳಸುವುದು ‘ಕೆದೇಶಾ’. ಊರವರೆದುರು ದೇವರ ಹೆಸರಿನ ಪದ! ಧರ್ಮೋಪದೇಶಕಾಂಡ 23 ಇಸ್ರಯೇಲಿನ ಹೆಣ್ಣುಮಕ್ಕಳಲ್ಲಿ ಯಾರೂ ‘ಕೆದೇಶಾ’ ಆಗಕೂಡದೆಂದು ವಿಧಿಸುತ್ತದೆ. ದೇಗುಲದಲ್ಲಿ ಅವರ ಕೆಲಸ ನಿಖರವಾಗಿ ಏನಿತ್ತು ಎಂಬುದು ವಿದ್ವಾಂಸರಲ್ಲಿ ಇಂದಿಗೂ ವಿವಾದದ ವಿಷಯ. ಆದರೆ ಪವಿತ್ರತೆಯ ಧಾತುವೇ ಹೆಣ್ಣಿನ ಮೇಲಿನ ಮುದ್ರೆಯಾಗಬಲ್ಲದು ಎಂಬುದರಲ್ಲಿ ವಿವಾದವಿಲ್ಲ.

ಕನ್ನಡದ ಓದುಗರಿಗೆ ಇದನ್ನು ವಿವರಿಸಲು ಪ್ರಾಚೀನ ಕಾನಾನಿಗೆ ಹೋಗಬೇಕಾಗಿಲ್ಲ. ಈ ಸೀಮೆಯಲ್ಲಿ ಮುತ್ತು ಕಟ್ಟಿ ದೇವರಿಗೆ ಬಿಟ್ಟ ಹೆಣ್ಣನ್ನು ಬಸವಿ ಎಂದು ಕರೆದರು. ಬಸವನ ಸ್ತ್ರೀಲಿಂಗ ರೂಪ ಅದು; ದೇವರ ಹೆಸರಿನಲ್ಲಿ ಗೂಳಿ ಬಿಟ್ಟಂತೆ ಇವಳನ್ನೂ ಬಿಟ್ಟರು. ಉಪಮೆ ಅಲ್ಲಿಗೇ ನಿಲ್ಲುತ್ತದೆ. ಬಿಟ್ಟ ಗೂಳಿಗೆ ಯಾರೂ ನೊಗ ಹೂಡುವುದಿಲ್ಲ. ಇವಳಿಗೆ ಎಲ್ಲರೂ ಹೂಡಿದರು. ಈ ತಾಲ್ಲೂಕುಗಳು ಮದ್ರಾಸ್ ಪ್ರಾಂತದಲ್ಲಿದ್ದಾಗಲೇ 1947ರಲ್ಲಿ ದೇವದಾಸಿ ಸಮರ್ಪಣೆಯನ್ನು ತಡೆಯುವ ಕಾನೂನು ಬಂತು. ಕರ್ನಾಟಕದ ನಿಷೇಧ ಕಾಯಿದೆ 1982ರದು. ಬಿಟ್ಟವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯ ಮನೆಗಳ ಮಕ್ಕಳು ಎಂಬುದನ್ನು, ಶುಚಿತ್ವದ ಏಣಿಯ ಮಾತಾಡಿದ ನಂತರ, ಒತ್ತಿ ಹೇಳಬೇಕಾಗಿಲ್ಲ. ಮುಟ್ಟಿಸಿಕೊಳ್ಳಬಾರದೆಂದವರ ಮಗಳನ್ನೇ ದೇವರ ಹೆಸರಿನಲ್ಲಿ ಮುಟ್ಟಲಾಯಿತು.

ಆ ಧರ್ಮಭಗಿನಿ ಹಳ್ಳಿಯ ಸ್ವಸಹಾಯ ಸಂಘದ ಸಭೆಗೆ ಹೋಗಿದ್ದರು. ಮದುವೆಯಾಗಿಲ್ಲ, ದೇವರ ಸೇವೆಗೆ ಬಂದವಳು ಎಂದು ತಮ್ಮನ್ನು ಪರಿಚಯಿಸಿಕೊಂಡರಂತೆ. ಮುದುಕಿಯೊಬ್ಬಳು ಮರುಕದಿಂದ ಅವರ ಕೈಹಿಡಿದು, ‘ನಿಮ್ಮನ್ನೂ ದೇವ್ರಿಗೆ ಬಿಟ್ಟಾರೇನ್ರಿ ಅಕ್ಕಾರ?’ ಎಂದಳಂತೆ. ಭಗಿನಿ ಉತ್ತರ ತೋಚದೆ ಬಂದರು. ‘ಏನು ಹೇಳಬೇಕಾಗಿತ್ತು ಫಾದರ್?’ ಎಂದು ನಮ್ಮನ್ನು ಕೇಳಿದರು. ಧರ್ಮಸಭೆಯ ಕಾನೂನಿನ 656ನೆಯ ವಿಧಿ, ಬಲಾತ್ಕಾರ, ಗಂಭೀರ ಭಯ ಅಥವಾ ವಂಚನೆಯಿಂದ ಮಾಡಿಸಿದ ವ್ರತ ಸಿಂಧುವಲ್ಲ ಎಂದು ನಾವು ವಿವರಿಸಿದೆವು. ವಿವರಣೆ ಸರಿಯಾಗಿತ್ತು, ಮುದುಕಿಗೆ ಹೇಳಬಹುದಾದ ಮಾತು ಅದಾಗಿರಲಿಲ್ಲ.

ಆ ರಾತ್ರಿ ನಾವು ಮತ್ತೆ ಯಾಜಕಕಾಂಡ ತೆರೆದೆವು. ‘ನಾನು ಪವಿತ್ರನಾಗಿರುವಂತೆ ನೀವೂ ಆಗಿರಿ’ ಎಂಬರ್ಥದ ಪ್ರಸಿದ್ಧ ಆಜ್ಞೆಯಿಂದ 19ನೆಯ ಅಧ್ಯಾಯ ಆರಂಭವಾಗುತ್ತದೆ. ಅದೇ ಅಧ್ಯಾಯದ 29ನೆಯ ವಚನ ನಮ್ಮ ಕಣ್ಣಿಗೆ ಬಿದ್ದದ್ದು ಅಂದೇ. ಮಗಳನ್ನು ಸೂಳೆಗಾರಿಕೆಗೆ ನೂಕಿ ಆಕೆಯನ್ನು ‘ಹೋಲ್’ ಮಾಡಬೇಡ, ಅಂದರೆ ಬಳಕೆಯ ವಸ್ತುವಾಗಿಸಬೇಡ ಎಂದು ಅಲ್ಲಿ ವಿಧಿಸಿದೆ. ಕ್ರಿಯಾಪದದ ಧಾತು ‘ಹೋಲ್’ನದೇ, 10:10ರಲ್ಲಿ ‘ಕೋದೆಷ್’ಗೆ ಎದುರಾಗಿ ನಿಂತದ್ದೇ. ಇಲ್ಲಿ ಅಶುದ್ಧಿಯ ಪದವಿಲ್ಲ. ಮಗಳು ಕೆಟ್ಟಳು, ಕೊಳೆಯಾದಳು ಎಂದು ವಚನ ಹೇಳುವುದಿಲ್ಲ. ಆಜ್ಞೆ ಇರುವುದು ತಂದೆಗೆ, ಅಪರಾಧವೂ ಅವನದೇ. ಮಗಳು ಮೊದಲೇ ದೇವರ ಮೀಸಲು ಎಂಬ ಗೃಹೀತದ ಮೇಲೆ ಇಡೀ ವಾಕ್ಯ ನಿಂತಿದೆ. ಮೀಸಲಲ್ಲದ್ದನ್ನು ಬಳಕೆಯದಾಗಿಸುವುದು ಹೇಗೆ? ಬಸವಿ ಪದ್ಧತಿ ಮಾಡಿದ್ದು ಇದನ್ನೇ. ದೇವರಿಗೆ ಬಿಟ್ಟೆವೆಂಬ ಮಾತಿನಲ್ಲಿ ದೇವರ ಮೀಸಲನ್ನು ಊರಿನ ಬಳಕೆಗೆ ಕೊಟ್ಟಿತು. ಆದ್ದರಿಂದ ‘ಬಿಟ್ಟದ್ದು’ ಮತ್ತು ‘ಮೀಸಲು’ ಸಮಾನಾರ್ಥಕಗಳಲ್ಲ, ಎದುರುಪದಗಳು. ‘ಪರಿಶುದ್ಧ’ ಎಂಬ ಪದ ಈ ಭೇದವನ್ನು ತೋರಿಸಲಾರದು. ಕೆಡುವುದಕ್ಕೆ ಮಾತ್ರ ಅದರಲ್ಲಿ ಜಾಗವಿದೆ, ಕದಿಯಲ್ಪಡುವುದಕ್ಕೆ ಇಲ್ಲ. ಆ ಪದವನ್ನು ನಂಬಿ ಬೋಧಿಸಿದವರು, ನಾವೂ ಸೇರಿ, ತಂದೆಯ ಅಪರಾಧವನ್ನು ಮಗಳ ಕಲೆಯಾಗಿ ಓದಿದೆವು.

ಇನ್ನು ಲೂಕ 1:38. ದೇವಮಾತೆಯ ಉತ್ತರದಲ್ಲಿ ನಮ್ಮ ಕನ್ನಡ ‘ದಾಸಿ’ ಎಂಬ ಪದವನ್ನಿಟ್ಟಿದೆ. ಮಾರ್ಚ್ 25ರಂದೂ ದಿನದಿನದ ದೇವದೂತನ ಪ್ರಾರ್ಥನೆಯಲ್ಲೂ ಇದನ್ನು ಹೇಳುತ್ತೇವೆ. ದೇವರು ಮತ್ತು ದಾಸಿ ಎಂಬ ಎರಡು ಪದಗಳು ಅಕ್ಕಪಕ್ಕ ಬಂದಾಗ ಕೂಡ್ಲಿಗಿ ತಾಲ್ಲೂಕಿನ ಕಿವಿ ಏನನ್ನು ಕೂಡಿಸಿಕೊಳ್ಳುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಊಹಿಸುವುದು ಕಷ್ಟ. ತರಗತಿಯಲ್ಲಿ ಇದನ್ನು ಚರ್ಚೆಗಿಟ್ಟಾಗ ಒಬ್ಬ ವಿದ್ಯಾರ್ಥಿ ‘ಸೇವಕಿ’ ಎಂದ. ಗ್ರೀಕಿನ ‘ದೂಲೆ’ ಸಂಬಳದ ಸೇವಕಿಯಲ್ಲ, ಒಡೆತನಕ್ಕೊಳಗಾದವಳು. ‘ಸೇವಕಿ’ ಸಭ್ಯವಾಗಿದೆ, ಸಪ್ಪೆಯೂ ಆಗಿದೆ. ಹರಪನಹಳ್ಳಿ ಕಡೆಯಿಂದ ಬಂದ ಇನ್ನೊಬ್ಬ ‘ಶರಣೆ’ ಎಂದ. ನಾವು ಬಹುದಿನ ಆ ಪದದ ಮೋಹದಲ್ಲಿದ್ದೆವು. ಆದರೆ 48ನೆಯ ವಚನದಲ್ಲಿ ಮರಿಯಮ್ಮನವರೇ ತಮ್ಮ ದೀನಸ್ಥಿತಿಯನ್ನು ಹಾಡುತ್ತಾರೆ. ‘ಶರಣೆ’ ಗೌರವದ ಪದ. ಅದು ಆ ದೀನಸ್ಥಿತಿಯನ್ನು ದಾಟಿ ಹಾರಿಬಿಡುತ್ತದೆ.

ಹೀಗಾಗಿ ‘ದಾಸಿ’ ಉಳಿಯಲಿ ಎಂಬುದು ನಮ್ಮ ಈಗಿನ ಅಭಿಪ್ರಾಯ. ಅದಕ್ಕೆ ಕಾರಣ ಪಾಂಡಿತ್ಯವಲ್ಲ. ಮಂಗಳವಾರ್ತೆಯ ಹಬ್ಬದಂದು ಪೂಜೆ ಮುಗಿಸಿ ಹೊರಬಂದಾಗ, ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸೊಬ್ಬಳು ಬಾಗಿಲ ಬಳಿ ನಿಂತಿದ್ದಳು. ಕ್ಷಮೆ ಕೇಳುವ ಧಾಟಿಯಲ್ಲಿ ನಾವು ಆ ಪದದ ಮಾತೆತ್ತಿದೆವು. ಆಕೆ ಪದವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ‘ಅದಿರ್ಲಿ ಸ್ವಾಮ್ಯಾರ, ಆಕೀನ ದೇವದೂತ ಕೇಳಿದ್ನಲ್ಲ. ನನ್ನ ಯಾರು ಕೇಳಿದ್ರು?’ ಎಂದಳು. ಸಂತ ಬೆರ್ನಾರ್ದರು ಈ ಶುಭಸಂದೇಶದ ಮೇಲಿನ ಪ್ರಬೋಧನೆಯಲ್ಲಿ ಕನ್ಯೆಯ ಉತ್ತರಕ್ಕಾಗಿ ದೇವದೂತನೂ ಸಕಲ ಲೋಕವೂ ಕಾದು ನಿಂತ ಚಿತ್ರವನ್ನು ಬಿಡಿಸುತ್ತಾರೆ. ಅದನ್ನು ನಾವು ಹಲವು ಸಲ ಪಾಠ ಮಾಡಿದ್ದೆವು. ಆ ಚಿತ್ರದಲ್ಲಿ ಕೇಳುವಿಕೆಯೇ ಮುಖ್ಯವೆಂದು ಅಂದಿನವರೆಗೆ ನಮಗೆ ಹೊಳೆದಿರಲಿಲ್ಲ. 34ನೆಯ ವಚನದಲ್ಲಿ ಮರಿಯಮ್ಮನವರು ಮರುಪ್ರಶ್ನೆ ಹಾಕುತ್ತಾರೆ, ಅದಕ್ಕೆ ಉತ್ತರ ಪಡೆಯುತ್ತಾರೆ, ಅನಂತರವೇ ‘ದಾಸಿ’ ಎಂಬ ಪದ ಅವರ ಸ್ವಂತ ಬಾಯಿಂದ ಬರುತ್ತದೆ. ದೇವದೂತನು ಅವರನ್ನು ಹಾಗೆ ಕರೆದದ್ದಲ್ಲ.

ಭಾಷಾಂತರದ ಪರಿಷ್ಕರಣೆ ಆಗುವುದು ದಶಕಗಳಿಗೊಮ್ಮೆ. ಆರಾಧನೆಯ ಪದಗಳನ್ನು ಒಬ್ಬೊಬ್ಬ ಗುರು ತನ್ನಿಷ್ಟದಂತೆ ತಿದ್ದುವುದೂ ಸಲ್ಲದು. ಆದರೆ ಪ್ರಬೋಧನೆ ನಮ್ಮ ಕೈಯಲ್ಲಿದೆ. ಯಾಜಕಕಾಂಡ 19 ನಮ್ಮ ವಾಚನಗಳಲ್ಲಿ ತಪಸ್ಸುಕಾಲದ ಮೊದಲ ವಾರದ ಸೋಮವಾರವೂ, ‘ಎ’ ವರ್ಷದ ಸಾಧಾರಣ ಕಾಲದ ಏಳನೆಯ ಭಾನುವಾರವೂ ಬರುತ್ತದೆ. ಎರಡು ಸಲವೂ ವಾಚನ 18ನೆಯ ವಚನಕ್ಕೆ ನಿಂತುಬಿಡುತ್ತದೆ. ಆ ದಿನಗಳಲ್ಲಿ ಈ ಐದು ತಾಲ್ಲೂಕುಗಳ ಪೀಠಗಳಲ್ಲಿ ನಿಲ್ಲುವ ಸಹೋದರ ಗುರುಗಳು ಪ್ರಬೋಧನೆಯ ನಡುವೆ 29ನೆಯ ವಚನವನ್ನೂ ಗಟ್ಟಿಯಾಗಿ ಓದಲು ಯಾವ ನಿಯಮವೂ ಅಡ್ಡಿ ಬರುವುದಿಲ್ಲ. ಹಿಂದಿನ ಚಾಪೆಯವರೆಗೂ ಕೇಳಿಸಬೇಕು, ಅಷ್ಟೇ.